ಬಸ್ಸಿನ ದಾರಿಯಲ್ಲಿ ಬೆಳೆದ ಲೀಗ್

ಕೆನಡಾದ ಜೂನಿಯರ್ ಐಸ್ ಹಾಕಿ ಲೀಗುಗಳಲ್ಲೊಂದಾದ ವೆಸ್ಟರ್ನ್ ಹಾಕಿ ಲೀಗಿನ ನಕ್ಷೆಯನ್ನು ಮುಂದಿಟ್ಟುಕೊಂಡರೆ ಮೊದಲು ಎದ್ದು ಕಾಣುವುದು ಊರುಗಳ ನಡುವಿನ ದೂರ. ಪೂರ್ವದ ತುದಿಯಲ್ಲಿ ಮ್ಯಾನಿಟೋಬಾದ ಬ್ರ್ಯಾಂಡನ್, ಪಶ್ಚಿಮದಲ್ಲಿ ಪೆಸಿಫಿಕ್ ಸಾಗರದ ದ್ವೀಪವೊಂದರ ಮೇಲಿರುವ ವಿಕ್ಟೋರಿಯಾ, ದಕ್ಷಿಣದಲ್ಲಿ ಗಡಿಯಾಚೆಗಿನ ಪೋರ್ಟ್‌ಲ್ಯಾಂಡ್. ಹದಿನಾರರಿಂದ ಇಪ್ಪತ್ತರ ವಯಸ್ಸಿನ ಹುಡುಗರು ಚಳಿಗಾಲವಿಡೀ ಈ ಊರುಗಳ ನಡುವೆ ಬಸ್ಸಿನಲ್ಲಿ ಓಡಾಡುತ್ತಾರೆ. ಲೀಗಿನ ಚರಿತ್ರೆಯನ್ನು ಓದುತ್ತಾ ಹೋದಂತೆ, ಅದರ ಹುಟ್ಟು, ಜಗಳ, ದುರಂತ ಮತ್ತು ವಲಸೆಗಳೆಲ್ಲದರ ಹಿಂದೆಯೂ ಈ ದೂರವೇ ಇದೆ ಎಂದು ನನಗೆ ಅನ್ನಿಸತೊಡಗಿತು.

ಲೀಗ್ ಹುಟ್ಟಿದ್ದು 1966ರಲ್ಲಿ, ಅದೂ ಬಂಡಾಯವಾಗಿ. ಜೂನಿಯರ್ ಹಾಕಿಯ ರಾಷ್ಟ್ರೀಯ ಪ್ರಶಸ್ತಿಯಾದ ಮೆಮೋರಿಯಲ್ ಕಪ್‌ಗಾಗಿ ಪಶ್ಚಿಮದ ತಂಡಗಳು ಒಂಟಾರಿಯೋ ಮತ್ತು ಕ್ವಿಬೆಕ್‌ನ ಬಲಿಷ್ಠ ತಂಡಗಳನ್ನು ಎದುರಿಸಬೇಕಿತ್ತು. ಆದರೆ ಆಲ್ಬರ್ಟಾ, ಸಸ್ಕ್ಯಾಚುವನ್, ಮ್ಯಾನಿಟೋಬಾ ಎಂಬ ಹುಲ್ಲುಗಾವಲಿನ ಪ್ರೇರಿ ಪ್ರಾಂತ್ಯಗಳ ಆಟ ಸಣ್ಣ ಸಣ್ಣ ಪ್ರಾಂತೀಯ ಲೀಗುಗಳಲ್ಲಿ ಹಂಚಿಹೋಗಿತ್ತು. ಎಡ್ಮಂಟನ್ ಆಯಿಲ್ ಕಿಂಗ್ಸ್ ತಂಡಕ್ಕಂತೂ ಸರಿಸಮನಾದ ಎದುರಾಳಿಗಳೇ ಸಿಗದೆ, ತಮಗಿಂತ ಹಿರಿಯ ಆಟಗಾರರ ಲೀಗಿನಲ್ಲಿ ಆಡಬೇಕಾಗಿ ಬಂದಿತ್ತು. ಆ ತಂಡದ ಬಿಲ್ ಹಂಟರ್, ಎಸ್ಟೆವಾನ್ ಬ್ರುಯಿನ್ಸ್‌ನ ಸ್ಕಾಟಿ ಮನ್ರೋ ಮತ್ತಿತರರು ಸೇರಿ ಏಳು ತಂಡಗಳ ಹೊಸ ಲೀಗನ್ನು ಕಟ್ಟಿದರು. 1917ರಲ್ಲಿ ಸ್ಥಾಪನೆಯಾಗಿದ್ದ ರಿಜೈನಾ ಪ್ಯಾಟ್ಸ್ ಕೂಡ ಅದರಲ್ಲಿತ್ತು. ಕೆನಡಾದ ಹವ್ಯಾಸಿ ಹಾಕಿ ಸಂಸ್ಥೆ ಅದನ್ನು ಕೂಡಲೇ ಕಾನೂನುಬಾಹಿರ ಲೀಗೆಂದು ಸಾರಿತು. ಮೊದಲ ವರ್ಷ ಮೂಸ್ ಜಾ ಕನಕ್ಸ್ ಚಾಂಪಿಯನ್ ಆಯಿತು, ಆದರೆ ಮೆಮೋರಿಯಲ್ ಕಪ್‌ನ ಬಾಗಿಲು ಅದಕ್ಕೆ ಮುಚ್ಚಿತ್ತು.

ಮುಂದಿನ ವರ್ಷ ಸಂಧಾನವಾಯಿತು, 1968ರಲ್ಲಿ ಅದು ಮುರಿದೂ ಬಿತ್ತು. ಸಂಸ್ಥೆಯಿಂದ ಹೊರಬರಲು ಒಪ್ಪದೆ ರಿಜೈನಾ, ವೇಬರ್ನ್ ಮತ್ತು ಮೂಸ್ ಜಾ ತಂಡಗಳು ಲೀಗನ್ನೇ ಬಿಟ್ಟು ಹೋದವು. ಉಳಿದವರು ತಮ್ಮದೇ ರಾಷ್ಟ್ರೀಯ ಪ್ರಶಸ್ತಿಯನ್ನು ಹುಟ್ಟುಹಾಕಿದರು. 1969ರಲ್ಲಿ ಒಂಟಾರಿಯೋದ ಸೇಂಟ್ ಥಾಮಸ್ ತಂಡ ಅದಕ್ಕಾಗಿ ಫ್ಲಿನ್ ಫ್ಲಾನ್‌ಗೆ ಬಂತು. ನಾಲ್ಕನೆಯ ಪಂದ್ಯದ ನಡುವೆ ದೊಡ್ಡ ಹೊಡೆದಾಟ ನಡೆದು, ಅತಿಥಿಗಳು ಆಟ ಮುಂದುವರಿಸಲು ಒಪ್ಪದೆ ಹೊರನಡೆದರು, ಪ್ರಶಸ್ತಿ ಆತಿಥೇಯರ ಪಾಲಾಯಿತು. ಗೆದ್ದವರಿಗೂ ಅದರಲ್ಲಿ ಹೇಳಿಕೊಳ್ಳುವಂಥ ಹೆಮ್ಮೆ ಉಳಿದಿರಲಾರದು.

ಫ್ಲಿನ್ ಫ್ಲಾನ್ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ಮ್ಯಾನಿಟೋಬಾ ಮತ್ತು ಸಸ್ಕ್ಯಾಚುವನ್ ಗಡಿಯ ಮೇಲೆ, ಬಹಳ ಉತ್ತರಕ್ಕೆ, ಬಂಡೆಗಳ ನಡುವೆ ಕುಳಿತಿರುವ ಗಣಿ ಊರು ಅದು. ಬಾಂಬರ್ಸ್ ತಂಡದ ಹುಡುಗರಿಗೆ ಗಣಿ ಕಂಪನಿಯೇ ಕೆಲಸ ಕೊಡುತ್ತಿತ್ತು, ದುಡಿಮೆಯ ನಂತರ ಅಭ್ಯಾಸ. ಅಲ್ಲಿಗೆ ಆಡಲು ಹೋಗುವುದೆಂದರೆ ಎದುರಾಳಿಗಳಿಗೆ ರಾತ್ರಿಯಿಡೀ ಪ್ರಯಾಣ, ಮರುದಿನ ಪೆಟ್ಟು. ಆ ಊರಿನಲ್ಲೇ ಹುಟ್ಟಿದ ಬಾಬಿ ಕ್ಲಾರ್ಕ್ ಲೀಗಿನ ಅತ್ಯುತ್ತಮ ಆಟಗಾರನಾಗಿದ್ದರೂ, ಮಧುಮೇಹ ಇದೆಯೆಂಬ ಕಾರಣಕ್ಕೆ ಜೂನಿಯರ್ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 1969ರ ಆಯ್ಕೆಯ ದಿನ ವೃತ್ತಿಪರ ತಂಡಗಳು ಹಿಂಜರಿದವು. ಹದಿನೇಳನೆಯ ಸರದಿಯಲ್ಲಿ ಫಿಲಡೆಲ್ಫಿಯಾ ಅವನನ್ನು ತೆಗೆದುಕೊಂಡಿತು. ಐದು ವರ್ಷಗಳ ನಂತರ ಆ ತಂಡ ವೃತ್ತಿಪರ ಹಾಕಿಯ ಅತ್ಯುನ್ನತ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಎತ್ತಿದಾಗ ನಾಯಕನಾಗಿದ್ದವನು ಅವನೇ.

1970ರಲ್ಲಿ ಜೂನಿಯರ್ ಹಾಕಿಯನ್ನು ಎರಡು ಮಟ್ಟಗಳಾಗಿ ವಿಂಗಡಿಸಿದ ಮೇಲೆ ಬಂಡಾಯ ಮುಗಿಯಿತು, ರಿಜೈನಾ ಮರಳಿ ಬಂತು, 1974ರಲ್ಲಿ ಲೀಗಿನ ಮೊದಲ ಮೆಮೋರಿಯಲ್ ಕಪ್ಪನ್ನು ತಂದುಕೊಟ್ಟಿದ್ದೂ ಅದೇ. ಅಷ್ಟರಲ್ಲಿ ಸಣ್ಣ ಊರುಗಳು ಕಳಚಿಕೊಳ್ಳತೊಡಗಿದ್ದವು. ಎಸ್ಟೆವಾನ್ ತಂಡ 1971ರಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯೂ ವೆಸ್ಟ್‌ಮಿನ್‌ಸ್ಟರ್‌ಗೆ ಹೋಯಿತು. ಅಲ್ಲಿ 1975ರಿಂದ ಸತತ ನಾಲ್ಕು ಬಾರಿ ಲೀಗ್ ಗೆದ್ದು, ಕೊನೆಯ ಎರಡು ವರ್ಷ ಮೆಮೋರಿಯಲ್ ಕಪ್ಪನ್ನೂ ಗೆದ್ದು, ಕೌಶಲಕ್ಕಿಂತ ಮುಷ್ಟಿಗೇ ಹೆಚ್ಚು ಹೆಸರಾಯಿತು. 1979ರಲ್ಲಿ ಪೋರ್ಟ್‌ಲ್ಯಾಂಡ್ ವಿರುದ್ಧದ ಅವರ ಹೊಡೆದಾಟ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು.

ಪೋರ್ಟ್‌ಲ್ಯಾಂಡ್ ತಂಡ ಹುಟ್ಟಿದ ಬಗೆಯಲ್ಲಿ ಒಂದು ವಿಚಿತ್ರವಿದೆ. ಬಿಲ್ ಹಂಟರ್ 1972ರಲ್ಲಿ ಎಡ್ಮಂಟನ್‌ಗೆ ವೃತ್ತಿಪರ ಆಯಿಲರ್ಸ್ ತಂಡವನ್ನು ತಂದರು. ಊರಿನ ಪ್ರೇಕ್ಷಕರು ಅತ್ತ ವಾಲಿದರು, ಹಂಟರ್ ತಾವೇ ಬೆಳೆಸಿದ್ದ ಆಯಿಲ್ ಕಿಂಗ್ಸ್ ಬಡವಾಯಿತು, 1976ರಲ್ಲಿ ಅದು ಗಡಿ ದಾಟಿ ಪೋರ್ಟ್‌ಲ್ಯಾಂಡ್ ವಿಂಟರ್ ಹಾಕ್ಸ್ ಆಯಿತು. ಮರುವರ್ಷ ಸಿಯಾಟಲ್‌ನ ತಂಡವೊಂದೂ ಲೀಗಿಗೆ ಸೇರಿತು. ಅಮೆರಿಕದ ಊರುಗಳಿರುವಾಗ ‘ವೆಸ್ಟರ್ನ್ ಕೆನಡಾ ಹಾಕಿ ಲೀಗ್’ ಎಂಬ ಆಗಿನ ಹೆಸರಿನಲ್ಲಿ ಕೆನಡಾ ಹೊಂದುವುದಿಲ್ಲವೆಂದು 1978ರಲ್ಲಿ ಲೀಗ್ ಈಗಿನ ಹೆಸರನ್ನು ಪಡೆಯಿತು. 1983ರಲ್ಲಿ ಪೋರ್ಟ್‌ಲ್ಯಾಂಡ್ ಮೆಮೋರಿಯಲ್ ಕಪ್ ಗೆದ್ದ ಮೊದಲ ಅಮೆರಿಕನ್ ತಂಡವೂ ಆಯಿತು.

ಸ್ವಿಫ್ಟ್ ಕರೆಂಟ್ ಮಾತ್ರ ಹೋದ ತಂಡವನ್ನು ಮರಳಿ ಪಡೆದ ಪ್ರೇರಿಯ ಸಣ್ಣ ಊರು. 1974ರಲ್ಲಿ ಲೆತ್‌ಬ್ರಿಜ್‌ಗೆ ಹೋಗಿದ್ದ ಬ್ರಾಂಕೋಸ್ 1986ರಲ್ಲಿ ಹಿಂದಿರುಗಿತು. ಅದೇ ವರ್ಷದ ಡಿಸೆಂಬರ್ 30ರಂದು ರಿಜೈನಾಕ್ಕೆ ಹೊರಟ ತಂಡದ ಬಸ್ಸು, ಊರು ಬಿಟ್ಟು ಸ್ವಲ್ಪ ಹೊತ್ತಿನಲ್ಲೇ, ಮಂಜುಗಟ್ಟಿದ ಹೆದ್ದಾರಿಯಲ್ಲಿ ಜಾರಿ ಉರುಳಿತು. ಹಿಂದಿನ ಸೀಟುಗಳಲ್ಲಿ ಇಸ್ಪೀಟು ಆಡುತ್ತಿದ್ದ ನಾಲ್ವರು ಸತ್ತರು. ಅವರಲ್ಲಿ ಕಿರಿಯನಿಗೆ ಹದಿನಾರು ವರ್ಷ. ಮುಂದೆ ಸ್ಟಾನ್ಲಿ ಕಪ್ ಗೆಲ್ಲಲಿದ್ದ ಜೋ ಸಾಕಿಕ್ ಅದೇ ಬಸ್ಸಿನಲ್ಲಿದ್ದ. ತಂಡ ಆ ಋತುವನ್ನು ಅರ್ಧಕ್ಕೆ ಬಿಡದೆ, ತೋಳಿನ ಮೇಲೆ ನಾಲ್ಕು ಎಸಳಿನ ಕ್ಲೋವರ್ ಎಲೆಯ ಗುರುತು ಹೊಲಿಸಿಕೊಂಡು ಆಡಿತು. ಎಸಳಿಗೊಂದರಂತೆ ನಾಲ್ಕು ಅಂಗಿ ಸಂಖ್ಯೆಗಳು: 8, 9, 11, 22.

1989ರಲ್ಲಿ ಇದೇ ತಂಡ ಪ್ಲೇಆಫ್‌ನಲ್ಲಿ ಆಡಿದ ಹನ್ನೆರಡೂ ಪಂದ್ಯಗಳನ್ನು ಗೆದ್ದು, ಮೆಮೋರಿಯಲ್ ಕಪ್ ಫೈನಲ್‌ನಲ್ಲಿ ಆತಿಥೇಯ ಸಸ್ಕಟೂನ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 4–3ರಿಂದ ಸೋಲಿಸಿತು. ಕಥೆಯನ್ನು ಇಲ್ಲಿಗೆ ನಿಲ್ಲಿಸಿಬಿಡುವ ಬರಹಗಳು ಸಾಕಷ್ಟಿವೆ. ಅದು ನನಗೆ ಒಪ್ಪಿಗೆಯಿಲ್ಲ. ತಂಡದ ಕೋಚ್ ವರ್ಷಗಳ ಕಾಲ ತನ್ನ ಆಟಗಾರರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದ. ಆ ಬಸ್ಸಿನಲ್ಲೂ ಗೆದ್ದ ತಂಡದಲ್ಲೂ ಇದ್ದ ಶೆಲ್ಡನ್ ಕೆನಡಿ ಅದನ್ನು ಬಹಿರಂಗಪಡಿಸಿದ ಮೇಲೆ, 1997ರ ಜನವರಿಯಲ್ಲಿ ಕೋಚ್ ತಪ್ಪೊಪ್ಪಿಕೊಂಡು ಮೂರೂವರೆ ವರ್ಷಗಳ ಶಿಕ್ಷೆಗೆ ಒಳಗಾದ. ಹದಿನಾರರ ಹುಡುಗ ಮನೆಯಿಂದ ಎಷ್ಟೋ ದೂರದ ಊರಿನಲ್ಲಿ ಬೇರೆಯವರ ಮನೆಯಲ್ಲಿ ಉಳಿದಿರುವಾಗ, ಅವನ ಭವಿಷ್ಯವೆಲ್ಲ ಕೋಚ್ ಒಬ್ಬನ ಕೈಯಲ್ಲೇ ಇರುತ್ತಿತ್ತು. ದೂರದ ಬೆಲೆ ರಸ್ತೆಯ ಮೇಲಷ್ಟೇ ತೆತ್ತಿದ್ದಲ್ಲ.

ಮಿಕ್ಕ ಚರಿತ್ರೆಯನ್ನು ಬೇಗ ಹೇಳಬಹುದು. ಎಡ್ ಚಿನೊವೆತ್ 1972ರಿಂದ 1995ರವರೆಗೆ, ನಡುವೆ ಒಂದು ಋತುವನ್ನು ಬಿಟ್ಟು, ಅಧ್ಯಕ್ಷರಾಗಿದ್ದು ಲೀಗಿಗೆ ಒಂದು ಶಿಸ್ತು ತಂದರು. ಚಾಂಪಿಯನ್ನರಿಗೆ ಕೊಡುವ ಕಪ್ 2007ರಿಂದ ಅವರ ಹೆಸರಿನಲ್ಲಿದೆ. ಕ್ಯಾಮ್‌ಲೂಪ್ಸ್ ಬ್ಲೇಜರ್ಸ್ 1992, 1994 ಮತ್ತು 1995ರಲ್ಲಿ ಮೆಮೋರಿಯಲ್ ಕಪ್ ಗೆದ್ದಿತು.

ಈಗ ದೂರದ ಲೆಕ್ಕಾಚಾರ ಮತ್ತೆ ಬದಲಾಗಿದೆ. ಈ ಲೀಗಿನಲ್ಲಿ ಒಮ್ಮೆ ಆಡಿದವನು ಅಮೆರಿಕದ ವಿಶ್ವವಿದ್ಯಾಲಯಗಳ ತಂಡಗಳಿಗೆ ಅರ್ಹನಲ್ಲವೆಂಬ ಹಳೆಯ ನಿಯಮ 2025ರ ಆಗಸ್ಟ್‌ನಿಂದ ಹೋಯಿತು. ಆ ವಸಂತದಲ್ಲಿ ಮೆಡಿಸಿನ್ ಹ್ಯಾಟ್ ತಂಡಕ್ಕೆ ಲೀಗಿನ ಕಪ್ ಗೆದ್ದುಕೊಟ್ಟವರಲ್ಲಿ ಮುಖ್ಯನಾದ, ಯೂಕಾನ್‌ನ ವೈಟ್‌ಹಾರ್ಸ್‌ನಿಂದ ಬಂದ ಗ್ಯಾವಿನ್ ಮೆಕೆನ್ನಾ, ಶರತ್ಕಾಲಕ್ಕೆ ಪೆನ್ಸಿಲ್ವೇನಿಯಾದ ವಿಶ್ವವಿದ್ಯಾಲಯ ತಂಡವೊಂದರಲ್ಲಿದ್ದ. ಪಶ್ಚಿಮದ ಹುಡುಗರಿಗೆ ಪಶ್ಚಿಮದಲ್ಲೇ ತಕ್ಕ ಆಟ ಸಿಗಲೆಂದು 1966ರಲ್ಲಿ ಜಗಳಕ್ಕಿಳಿದ ಹಂಟರ್ ಇದ್ದಿದ್ದರೆ, ಇನ್ನೊಂದು ಲೀಗ್ ಕಟ್ಟಲು ಹೊರಡುತ್ತಿದ್ದರೇನೋ.