ಗಾಲಿ ಬಿಡಿಸಿದ ಚಿತ್ರ

ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ. ಧಾರವಾಡದ ಜಿಟಿಜಿಟಿ ಮಳೆಗೆ ಅಂಗಳ ಬಿಟ್ಟು ಪಡಸಾಲೆಯಲ್ಲೇ ತಾಡಪತ್ರಿ ಹಾಸಬೇಕಾಯಿತು. ಎರಡೂವರೆಯಿಂದ ಆರು ವರ್ಷದೊಳಗಿನ ಎಂಟು ಮಕ್ಕಳು, ಆಟಿಕೆಗಳನ್ನು ಬಣ್ಣದಲ್ಲಿ ಅದ್ದಿ ಚಿತ್ರ ಬಿಡಿಸಲು ಕೂತಿದ್ದರು. ಕುಂಚ ಒಂದೂ ಇಲ್ಲ. ಟ್ರ್ಯಾಕ್ಟರ್, ಕಾರು, ಬ್ಲಾಕು, ಚೆಂಡು, ರಬ್ಬರ್ ಆನೆ, ಇವೇ ಕುಂಚ. ಈ ವಯಸ್ಸಿನ ಬೆರಳಿಗೆ ಸಪೂರ ಕುಂಚ ಹಿಡಿತಕ್ಕೆ ಸಿಗುವುದಿಲ್ಲ. ಆದರೆ ಟ್ರ್ಯಾಕ್ಟರ್ ಓಡಿಸುವುದನ್ನು ಯಾರೂ ಕಲಿಸಬೇಕಿಲ್ಲ.

ಬಣ್ಣ ಮನೆಯಲ್ಲೇ ಕಾಯಿಸಿದ್ದು. 1 ಬಟ್ಟಲು ಮೈದಾ ಹಿಟ್ಟನ್ನು 1 ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ 2 ಬಟ್ಟಲು ನೀರಿಗೆ ಸುರಿದು, 1 ಚಮಚ ಉಪ್ಪು ಹಾಕಿ, ಸಣ್ಣ ಉರಿಯಲ್ಲಿ 3–4 ನಿಮಿಷ ಬಿಡದೆ ತಿರುವಬೇಕು. ಆರಿದ ಮೇಲೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಆಗ ಸ್ವಲ್ಪ ಸ್ವಲ್ಪವೇ ನೀರು ಬೆರೆಸಿ ಕಡೆದ ಮೊಸರಿನ ಹದಕ್ಕೆ ತರಬೇಕು. ಕೆಂಪು, ನೀಲಿಗೆ ಅಡುಗೆ ಬಣ್ಣ. ಹಳದಿಗೆ ಕಾಲು ಬಟ್ಟಲು ಅಂಟಿಗೆ ಅರ್ಧ ಚಮಚ ಅರಿಷಿಣ. ರಂಗಪಂಚಮಿಗೆ ತಂದು ಉಳಿದ ಪುಡಿಯನ್ನು ಇದಕ್ಕೆ ಬಳಸಲೇಬಾರದು. ಅದರಲ್ಲಿ ಏನು ಬೆರೆತಿದೆಯೋ ನಮಗೆ ಗೊತ್ತಾಗುವುದಿಲ್ಲ, ಮಕ್ಕಳ ಕೈ ಬಾಯಿಗೆ ಹೋಗದೆ ಇರುವುದಿಲ್ಲ. ಮಳೆಗಾಲದಲ್ಲಿ ಈ ಅಂಟು ಬೇಗ ಹುಳಿಯುತ್ತದೆ, ಅಂದಂದಿಗೆ ಬೇಕಾದಷ್ಟೇ ಮಾಡುವುದು ಒಳ್ಳೆಯದು.

ಕೆಲಸ ಕೆಡುವುದು ಹೆಚ್ಚಾಗಿ ಒಂದೇ ಕಡೆ: ಬಣ್ಣ ಜಾಸ್ತಿಯಾದಾಗ. ಅಂದೂ ಹಾಗೇ ಆಯಿತು. ತಾಟಿನಲ್ಲಿ ಬಣ್ಣ ಸುರಿದಿದ್ದೇ ತಡ, ಒಬ್ಬ ಟ್ರ್ಯಾಕ್ಟರನ್ನು ಮುಳುಗಿಸಿಯೇ ಬಿಟ್ಟ. ಹಾಳೆಯ ಮೇಲೆ ಎಳೆದರೆ ದಪ್ಪನೆಯ ಒಂದು ನೀಲಿ ಪಟ್ಟೆ, ಅಷ್ಟೇ. "ಅಕ್ಕಾರ, ನನ್ನ ಗಾಡಿ ಓಡವಲ್ದು" ಎಂದ. ಗಾಲಿಯ ಗೀರುಗಳಲ್ಲೆಲ್ಲ ಬಣ್ಣ ತುಂಬಿಕೊಂಡರೆ ಅಚ್ಚು ಮೂಡಲು ಜಾಗವೇ ಇರುವುದಿಲ್ಲ, ಗಾಲಿ ಉರುಳದೆ ಜಾರುತ್ತದೆ. ಪಾತ್ರೆ ತಿಕ್ಕುವ ಹೊಸ ಸ್ಪಂಜನ್ನು ಒದ್ದೆ ಮಾಡಿ, ಹಿಂಡಿ, ತಾಟಿನಲ್ಲಿ ಇಟ್ಟು, ಅದರ ಮೇಲೆ 2 ಚಮಚ ಬಣ್ಣ ಸವರಿದೆವು. ಗಾಲಿಯನ್ನು ಸ್ಪಂಜಿನ ಮೇಲೆ ಎರಡು ಸಲ ಉರುಳಿಸಿ ಹಾಳೆಗೆ ಇಳಿಸಬೇಕು. ಈಗ ಹಿಂದಿನ ದೊಡ್ಡ ಗಾಲಿಯ ಓರೆ ಗೀರುಗಳು ಒಂದೊಂದಾಗಿ ಎದ್ದು ಬಂದವು. ಮೊದಲ ಸುತ್ತು ದಟ್ಟ, ಎರಡನೆಯದು ತಿಳಿ, ಮೂರನೆಯದರಲ್ಲಿ ಗೀರುಗಳ ಅಂಚು ಮಾತ್ರ. ಅದನ್ನು ಬಗ್ಗಿ ನೋಡಿದ ಅದೇ ಹುಡುಗ, "ಹೊಲದಾಗಿಂದ ರೋಡಿಗೆ ಬಂತು ನೋಡ್ರಿ" ಎಂದ. ಎರೆ ಹೊಲದ ಕೆಸರು ಮೆತ್ತಿದ ಗಾಲಿ ಡಾಂಬರಿನ ಮೇಲೆ ಬಿಡುವ ಗುರುತು ಹೀಗೇ ಮಾಸುತ್ತ ಹೋಗುತ್ತದೆ.

ಬ್ಲಾಕುಗಳದ್ದು ಸುಲಭ, ಗುಂಡನೆಯ ಉಬ್ಬುಗಳಿರುವ ಬದಿಯನ್ನು ಒತ್ತಿದರೆ ಸಾಲು ಚುಕ್ಕಿ. ಆದರೆ ಒತ್ತಿ ತಿರುಚಬಾರದು, ನೇರ ಎತ್ತಬೇಕು. ಚೆಂಡಿಗೆ ಅಂಚಿರುವ ತಾಟು ಬೇಕು. ತಳಕ್ಕೆ ಹಾಳೆ, ಅದರ ಮೇಲೆ ನಾಲ್ಕು ಹನಿ ಬಣ್ಣ, ತಾಟನ್ನು ಅತ್ತಿತ್ತ ವಾಲಿಸಿದರೆ ಚೆಂಡೇ ಗೆರೆ ಎಳೆಯುತ್ತದೆ. ದೊಡ್ಡ ಮಕ್ಕಳು ಇದಕ್ಕೆ ಗೋಲಿ ಕೇಳುತ್ತಾರೆ. ಮೂರು ತುಂಬದ ಮಗು ಪಕ್ಕದಲ್ಲಿದ್ದರೆ ಗೋಲಿ ಹೊರಗೆ ತೆಗೆಯಲೇಬಾರದು. 4.5 ಸೆಂಟಿಮೀಟರಿಗಿಂತ ಚಿಕ್ಕದಾದ ಯಾವುದೂ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮೊಳೆ ಇರುವ ಬುಗುರಿಯೂ ಬೇಡ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಗುರುತಿಲ್ಲದ ಹಳೆಯ ಆಟಿಕೆಯನ್ನು ಒದ್ದೆ ಬಿಳಿ ಬಟ್ಟೆಯಿಂದ ಒರೆಸಿದಾಗ ಅದರ ಬಣ್ಣವೇ ಬಟ್ಟೆಗೆ ಹತ್ತಿದರೆ ಪಕ್ಕಕ್ಕೆ ಇಡಿ.

ಹಾಳೆಗೆ ಲಗ್ನಪತ್ರಿಕೆಯ ಹಿಂಬದಿ ಚೆನ್ನಾಗಿರುತ್ತದೆ. ನುಣುಪಾದ ಕ್ಯಾಲೆಂಡರ್ ಕಾಗದ ಬಣ್ಣ ಹೀರುವುದಿಲ್ಲ, ಅಚ್ಚು ಅಲ್ಲೇ ಹರಡಿ ನಿಲ್ಲುತ್ತದೆ. ಒಮ್ಮೆಗೆ ಎರಡೇ ಬಣ್ಣ ಕೊಡಿ. ಹಳದಿ, ನೀಲಿ ಕೂಡಿದಲ್ಲಿ ಹಸಿರು ಕಾಣುತ್ತದೆ. ಕೆಂಪೂ ಸೇರಿದರೆ ಎಲ್ಲ ಕಂದು ರಾಡಿ.

ಮಾಡದಲ್ಲಿ ಹಿಂದಿನ ದಿನ ಪೂಜೆಗೊಂಡ ಮಣ್ಣೆತ್ತಿನ ಜೋಡಿ ಇತ್ತು. "ಇದನ್ನೂ ಮುಳಗಸ್ಲೇನ್ರಿ?" ಎಂದು ಪುಟ್ಟಿ ಒಂದನ್ನು ಎತ್ತಿಕೊಂಡಳು. ಸುಡದ ಮಣ್ಣು, ಒದ್ದೆ ಸ್ಪಂಜಿಗೆ ತಗುಲಿದರೆ ಕಾಲು ಕರಗುತ್ತದೆ. ಅದರ ಬದಲು ರಬ್ಬರ್ ಆನೆಯ ಪಾದ ಒತ್ತಿದಳು.

ಆಟಿಕೆಗಳನ್ನು ಒಡನೆಯೇ ತೊಳೆಯಬೇಕು. ಮೈದಾ ಅಂಟು ಒಣಗಿದರೆ ಗಾಲಿ ಹಿಡಿದುಕೊಳ್ಳುತ್ತದೆ, ಆಗ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಹಳೆಯ ಬ್ರಷ್‌ನಿಂದ ತಿಕ್ಕುವುದೇ ದಾರಿ. ಬ್ಯಾಟರಿ ಗಾಡಿಯನ್ನಂತೂ ಈ ಆಟಕ್ಕೇ ತರಬಾರದು. ಅಂಗಿಯ ಮೇಲಿನ ಅರಿಷಿಣದ ಕಲೆ ಸಾಬೂನು ತಾಗಿದೊಡನೆ ಕೆಂಪಾಗುವುದನ್ನು ಕಂಡು ತಾಯಂದಿರು ಗಾಬರಿಯಾಗುತ್ತಾರೆ. ಸಾಬೂನಿನ ಕ್ಷಾರಕ್ಕೆ ಹಾಗಾಗುತ್ತದೆ, ಜಾಲಿಸಿದರೆ ಮತ್ತೆ ಹಳದಿ. ಆ ಹಳದಿ ಬಿಸಿಲಿಗೆ ಹಾಕಿದಂತೆಲ್ಲ ಮಾಸುತ್ತದೆ. ಅಂದು ಬಿಸಿಲಿರಲಿಲ್ಲ. ಹಗ್ಗಕ್ಕೆ ಹಾಕಿದರೆ ಬಣ್ಣ ಇಳಿಯುತ್ತದೆಂದು ಹಾಳೆಗಳನ್ನು ಪಡಸಾಲೆಯಲ್ಲೇ ಹರಡಿದೆವು. ಸಂಜೆಯವರೆಗೂ ಮುಟ್ಟಿದರೆ ಬೆರಳಿಗೆ ಹತ್ತುತ್ತಿತ್ತು.