ಲಿನೊಕಟ್ ಅಭ್ಯಾಸ: ಸಿಬಿಲ್ ಆಂಡ್ರ್ಯೂಸ್ ಅವರ ‘ಸ್ಪೀಡ್‌ವೇ’, ಮೂರನೆಯ ಬ್ಲಾಕ್‌ವರೆಗೆ

ಮೂರನೆಯ ಬ್ಲಾಕ್‌ನ ಕೆತ್ತನೆ ಈ ವಾರ ಮುಗಿಯಿತು. ಲಿನೊಕಟ್ ಎಂದರೆ ಲಿನೋಲಿಯಂ ಹಾಳೆಯನ್ನು ಉಳಿಯಿಂದ ಕೆತ್ತಿ, ಬಣ್ಣ ಹಚ್ಚಿ, ಕಾಗದದ ಮೇಲೆ ಅಚ್ಚು ತೆಗೆಯುವುದು; ಒಂದೊಂದು ಬಣ್ಣಕ್ಕೂ ಕೆತ್ತಿದ ಒಂದೊಂದು ಹಾಳೆ, ಅದೇ ಬ್ಲಾಕ್. ಇಂಗ್ಲೆಂಡಿನಲ್ಲಿ ಹುಟ್ಟಿದ ಕಲಾವಿದೆ ಸಿಬಿಲ್ ಆಂಡ್ರ್ಯೂಸ್ ಅವರ ಚಿತ್ರವೊಂದನ್ನು ಅಭ್ಯಾಸಕ್ಕಾಗಿ ನಾನು ಹೀಗೆ ನಕಲು ಮಾಡುತ್ತಿದ್ದೇನೆ. ಮಣ್ಣಿನ ಹಳದಿ, ಇಟ್ಟಿಗೆ ಕೆಂಪು, ಅವುಗಳ ಮೇಲೆ ಈಗ ನೀಲಿ ಕೂತಿದೆ. ಒಬ್ಬರ ಹಿಂದೊಬ್ಬರು ಬಾಗಿ ನುಗ್ಗುವ ಮೂವರು ಮೋಟಾರ್‌ಸೈಕಲ್ ಸವಾರರು ಮೊದಲ ಬಾರಿಗೆ ಕಾಗದದ ಮೇಲೆ ಮೈದಾಳಿದ್ದಾರೆ. ಇನ್ನು ಉಳಿದಿರುವುದು ಕಡುನೀಲಿಯ ಬ್ಲಾಕ್ ಒಂದೇ.

ಈ ಕೆಲಸಕ್ಕೆ ಆಂಡ್ರ್ಯೂಸ್ ಅವರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಬಣ್ಣದ ಮರದಚ್ಚಿನಲ್ಲಿ ವಾಡಿಕೆಯಂತೆ ಒಂದು ಬ್ಲಾಕ್ ಚಿತ್ರದ ಹೊರಗೆರೆಯನ್ನೆಲ್ಲ ಹೊತ್ತಿರುತ್ತದೆ. ಉಳಿದವು ಆ ಗೆರೆಯೊಳಗೆ ಬಣ್ಣ ತುಂಬುತ್ತವೆ. ಲಂಡನ್ನಿನ ಗ್ರೋವ್‌ನರ್ ಸ್ಕೂಲ್ ಆಫ್ ಮಾಡರ್ನ್ ಆರ್ಟ್‌ನಲ್ಲಿ ಲಿನೊಕಟ್ ಕಲಿಸುತ್ತಿದ್ದ ಕ್ಲಾಡ್ ಫ್ಲೈಟ್ ಆ ಗೆರೆಯ ಬ್ಲಾಕನ್ನೇ ಕೈಬಿಟ್ಟರು. ಆಕಾರ ಹುಟ್ಟಬೇಕಾದದ್ದು ಬಣ್ಣದ ಮೇಲೆ ಬಣ್ಣ ಬಿದ್ದಲ್ಲಿ. ಅವರ ಪಾಠಗಳಲ್ಲಿ ಕಲಿತ ಆಂಡ್ರ್ಯೂಸ್ ಈ ವಿಧಾನವನ್ನು ಗುರುವಿಗಿಂತ ಮುಂದೆ ಒಯ್ದರು ಎಂದೇ ನನ್ನ ಎಣಿಕೆ. ಫ್ಲೈಟ್ ಅವರ ಚಿತ್ರಗಳಲ್ಲಿ ವೇಗ ಒಂದು ವಿನ್ಯಾಸ. ಆಂಡ್ರ್ಯೂಸ್ ಅವರ ಚಿತ್ರಗಳಲ್ಲಿ ಅದಕ್ಕೆ ತೂಕವಿದೆ, ತೋಳಿನ ಬಲವಿದೆ.

ಆ ಬಲ ಎಲ್ಲಿಂದ ಬಂತೆಂದು ಅವರ ಬದುಕನ್ನು ಓದುತ್ತ ಹೋದರೆ ಅಚ್ಚರಿಯಾಗುವುದಿಲ್ಲ. 1898ರಲ್ಲಿ ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಬರಿ ಸೇಂಟ್ ಎಡ್ಮಂಡ್ಸ್ ಊರಿನಲ್ಲಿ ಹುಟ್ಟಿದ ಅವರದು ಕಬ್ಬಿಣದ ಸಾಮಾನು ಮಾರುವ ಮನೆತನ. ಕಲಾಶಾಲೆಗೆ ಸೇರಲು ಹಣವಿರಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅವರು ವಿಮಾನ ಕಾರ್ಖಾನೆಯಲ್ಲಿ ಬೆಸುಗೆ ಕೆಲಸಕ್ಕೆ ಸೇರಿದರು. ಅದೇ ದಿನಗಳಲ್ಲಿ ಪೋಸ್ಟರ್ ಕಲಾವಿದ ಜಾನ್ ಹ್ಯಾಸಲ್ ಅವರ ಅಂಚೆ ಪಾಠಗಳ ಮೂಲಕ ಚಿತ್ರಕಲೆ ಕಲಿತರು. ‘ದಿ ವಿಂಚ್’ (1930), ‘ಸ್ಲೆಡ್ಜ್‌ಹ್ಯಾಮರ್ಸ್’ (1933), ‘ಬ್ರಿಂಗಿಂಗ್ ಇನ್ ದಿ ಬೋಟ್’ (1933): ಭಾರ ಎಳೆಯುವ, ಸುತ್ತಿಗೆ ಎತ್ತುವ, ದೋಣಿ ಹೊರುವ ಮೈಗಳು ಇವುಗಳ ತುಂಬ ಇವೆ. ದುಡಿಮೆಯನ್ನು ದೂರ ನಿಂತು ನೋಡಿದವರ ಕೈಯಿಂದ ಇಂಥ ಬೆನ್ನುಗಳು ಬರುವುದು ಕಷ್ಟ.

ವಾಸ್ತುಶಿಲ್ಪಿಯೂ ಕಲಾವಿದರೂ ಆಗಿದ್ದ ಸಿರಿಲ್ ಪವರ್ ಅವರೊಂದಿಗೆ ಆಂಡ್ರ್ಯೂಸ್ 1922ರಲ್ಲಿ ಲಂಡನ್ನಿಗೆ ಬಂದರು. 1925ರಲ್ಲಿ ಗ್ರೋವ್‌ನರ್ ಶಾಲೆ ತೆರೆದಾಗ ಅದರ ಕಾರ್ಯದರ್ಶಿಯಾದರು. ಹ್ಯಾಮರ್‌ಸ್ಮಿತ್‌ನಲ್ಲಿ ಇಬ್ಬರದೂ ಒಂದೇ ಸ್ಟುಡಿಯೊ. ಲಂಡನ್ ಸಾರಿಗೆಯ ಪೋಸ್ಟರ್‌ಗಳಿಗೆ ‘ಆಂಡ್ರ್ಯೂ ಪವರ್’ ಎಂಬ ಒಂದೇ ಸಹಿ. ಆಂಡ್ರ್ಯೂಸ್ ಅವರನ್ನು ಪವರ್ ಅವರ ಜೊತೆಗಾತಿಯೆಂದಷ್ಟೇ ಹೇಳಿ ಮುಗಿಸುವ ಬರಹಗಳನ್ನು ಕಂಡರೆ ನನಗೆ ನೋವಾಗುತ್ತದೆ. ಪವರ್ ಚಿತ್ರಿಸಿದ ಸುರಂಗ ರೈಲುಗಳು ನನಗೆ ಬಹಳ ಇಷ್ಟ. ಆದರೆ ‘ಸ್ಪೀಡ್‌ವೇ’ ಮಾಡಬಲ್ಲವರು ಆಂಡ್ರ್ಯೂಸ್ ಒಬ್ಬರೇ.

ಈಗ ಬ್ಲಾಕ್‌ಗಳ ವಿಷಯ. 1934ರ ಈ ಚಿತ್ರದ ವಸ್ತು ಮಣ್ಣಿನ ಅಂಕಣದ ಮೋಟಾರ್‌ಸೈಕಲ್ ಪಂದ್ಯ. ಇಂಗ್ಲೆಂಡಿನಲ್ಲಿ ಅದು ಜನಪ್ರಿಯವಾದದ್ದು 1928ರ ನಂತರ, ಅಂದರೆ ಹೊಚ್ಚ ಹೊಸ ಆಟ. ಕೆತ್ತುವಾಗ ತಿಳಿದದ್ದೇನೆಂದರೆ, ಸವಾರರು ಮೂವರಾದರೂ ಆಕಾರ ಹೆಚ್ಚುಕಡಿಮೆ ಒಂದೇ. ಅದನ್ನು ಓರೆಯಾಗಿ ಮತ್ತೆ ಮತ್ತೆ ಇಟ್ಟದ್ದರಿಂದಲೇ ಓಟ ಹುಟ್ಟಿದೆ. ನೀಲಿ ಹಳದಿಯ ಮೇಲೆ ಬಿದ್ದಲ್ಲಿ ಮಂಕು ಹಸಿರು, ಕೆಂಪಿನ ಮೇಲೆ ಬಿದ್ದಲ್ಲಿ ನೇರಳೆಗಪ್ಪು. ಇವೆರಡನ್ನೂ ಯಾವ ಬ್ಲಾಕ್‌ನಲ್ಲೂ ನಾನು ಕೆತ್ತಿಲ್ಲ. ಪ್ರೂಫ್ (ಪರೀಕ್ಷೆಯ ಅಚ್ಚು) ಎತ್ತಿದಾಗ ಅವು ಒಮ್ಮೆಲೇ ಕಾಣಿಸುವ ಸಂತೋಷಕ್ಕಾಗಿಯೇ ಈ ಹವ್ಯಾಸ ಹಿಡಿಯಬಹುದು.

ಕೆಲಸ ಮಾಡುವವರಿಗಾಗಿ ಕೆಲವು ಮಾತು. ಲಿನೊವನ್ನು ಸ್ವಲ್ಪ ಬಿಸಿಲಿಗಿಟ್ಟು ಮೆದುವಾದ ಮೇಲೆ ಉಳಿ ಹಿಡಿಯಿರಿ. ಬ್ಲಾಕ್‌ಗಳು ಒಂದರ ಮೇಲೊಂದು ಸರಿಯಾಗಿ ಕೂರಲು ಮೂಲೆಗೆ ರಟ್ಟಿನ ಪಟ್ಟಿ ಅಂಟಿಸಿದರೆ ಸಾಕು. ಪ್ರೆಸ್ ಬೇಕಿಲ್ಲ: ತೆಳು ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜುತ್ತೇನೆ. ಗ್ರೋವ್‌ನರ್ ಶಾಲೆಯವರೂ ತೆಳು ಕಾಗದದ ಮೇಲೆ ಕೈಯಿಂದಲೇ ಉಜ್ಜಿ ಅಚ್ಚು ತೆಗೆಯುತ್ತಿದ್ದರು. ಕೊಡೆಯ ಕಡ್ಡಿಯನ್ನು ಚೂಪು ಮಾಡಿ ಉಳಿಯಾಗಿ ಬಳಸಬಹುದೆಂದು ಫ್ಲೈಟ್ ಹೇಳಿಕೊಡುತ್ತಿದ್ದರು. ಸಾಮಾನ್ಯ ಜನ ಸಿನಿಮಾ ಟಿಕೆಟ್‌ಗೆ ಕೊಡುವಷ್ಟು ಹಣಕ್ಕೆ ಒಂದು ಲಿನೊಕಟ್ ಸಿಗಬೇಕೆಂಬುದು ಅವರ ಆಸೆಯಾಗಿತ್ತು.

ಎರಡನೆಯ ಮಹಾಯುದ್ಧದಲ್ಲಿ ಆಂಡ್ರ್ಯೂಸ್ ದೋಣಿ ಕಾರ್ಖಾನೆಯಲ್ಲಿ ದುಡಿದರು, ಅಲ್ಲೇ ಪರಿಚಯವಾದ ವಾಲ್ಟರ್ ಮಾರ್ಗನ್ ಅವರನ್ನು 1943ರಲ್ಲಿ ಮದುವೆಯಾದರು, 1947ರಲ್ಲಿ ಕೆನಡಾದ ವ್ಯಾಂಕೂವರ್ ದ್ವೀಪಕ್ಕೆ ಹೋಗಿ ಕ್ಯಾಂಪ್‌ಬೆಲ್ ರಿವರ್‌ನಲ್ಲಿ ನೆಲೆಸಿದರು. ಅಲ್ಲಿ ಮಕ್ಕಳಿಗೂ ದೊಡ್ಡವರಿಗೂ ಪಾಠ ಹೇಳುತ್ತ 1992ರವರೆಗೆ ಬಾಳಿದರು. ಆ ಕಾಡುಗಳ ಮರ ಸಾಗಿಸುವವರು ಕೂಡ ಅವರ ಲಿನೊಕಟ್‌ಗಳಿಗೆ ಬಂದರು. 1930ರಲ್ಲಿ ತೊಡಗಿದ ಸಂತ ಎಡ್ಮಂಡ್‌ನ ಕಸೂತಿ ಪತಾಕೆಯನ್ನು 1975ರಲ್ಲಿ ಮುಗಿಸಿ ತಮ್ಮ ಹುಟ್ಟೂರಿನ ಕೆಥೆಡ್ರಲ್‌ಗೆ ಕೊಟ್ಟರು.

ಮುಂದಿನ ವಾರ ಕಡುನೀಲಿಯ ಬ್ಲಾಕ್‌ಗೆ ಕೈ ಹಾಕುತ್ತೇನೆ. ಸವಾರರ ಹೆಲ್ಮೆಟ್‌ಗಳ ಅಂಚಿನಲ್ಲಿ ಬರೀ ಕಾಗದದ ಬಿಳುಪು ಗೆರೆಯಾಗಿ ಉಳಿಯಬೇಕು, ಹಾಗಾಗಿ ಅಲ್ಲಿ ನಾಲ್ಕೂ ಬ್ಲಾಕ್‌ಗಳನ್ನು ಹೊಂದಿಸಿ ನೋಡಿದ ನಂತರವೇ ಉಳಿ ಇಡುವುದು.