ಗಾಳಿ ಕಮ್ಮಿ ಉಂಟು

25 ಜನವರಿ 2026, ಭಾನುವಾರ, ರಾತ್ರಿ

ಕಳೆದ ಭಾನುವಾರ ಉಡುಪಿಯಲ್ಲಿ ಪರ್ಯಾಯ, ಕೃಷ್ಣಮಠದ ಪೂಜೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಶೀರೂರು ಮಠದ ಪರ್ಯಾಯ ನೋಡಲು ಬಂದ ನೆಂಟರೆಲ್ಲ ನಮ್ಮಲ್ಲೇ ಉಳಿದಿದ್ದರು, ಸೈಕಲ್ ಮುಟ್ಟಲಿಲ್ಲ. ಅದರ ಹಿಂದಿನ ವಾರ ಜ್ವರ. ಹಾಗಾಗಿ ಇವತ್ತು ಐದೂವರೆಗೇ ಎಚ್ಚರವಾಯಿತು, ಅಲಾರಾಂ ಬೇಕಾಗಲಿಲ್ಲ. ಚಿಕ್ಕಮ್ಮ ಎದ್ದು "ಈ ಕತ್ತಲೆಗೆ ಎಲ್ಲಿಗೆ" ಎಂದು ಕೇಳುವ ಮೊದಲೇ ಗೇಟು ದಾಟಿದ್ದೆ.

ನಾನು ಹೈವೇ ಬಿಟ್ಟು ವರ್ಷದ ಮೇಲಾಯಿತು. ಹೆದ್ದಾರಿ 66ರಲ್ಲಿ ಬಸ್ಸಿನ ಕನ್ನಡಿ ಮೊಣಕೈ ಸವರಿ ಹೋದ ಕತೆ ಇಲ್ಲಿ ಓದುವವರಿಗೆ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ಆಮೇಲಿಂದ ನನ್ನ ಲೆಕ್ಕ ಒಂದೇ. ಎಲ್ಲಿಗೆ ಬಸ್ ಹೋಗುವುದಿಲ್ಲವೋ ಅಲ್ಲಿಗೆ ಸೈಕಲ್.

ಅಂಬಾಗಿಲು, ಪೆರಂಪಳ್ಳಿ, ಶಿಂಬ್ರ ಸೇತುವೆ. ಸ್ವರ್ಣಾ ಹೊಳೆ ದಾಟಿದರೆ ಪರಾರಿ ಎಂಬ ಊರು. ಅಲ್ಲಿಂದ ಮುಂದಿನ ಊರಿನ ಹೆಸರು ಬರೆಯುವುದಿಲ್ಲ. ಹಿಂದೊಮ್ಮೆ ಒಂದು ತೋಡಿನ (ಸಣ್ಣ ಹಳ್ಳದ) ಬದಿಯ ದಾರಿ ಬರೆದು, ಎರಡು ವಾರ ಬಿಟ್ಟು ಹೋದರೆ ಅಲ್ಲಿ ಡ್ರೋನ್ ಹಾರಿಸುವವರು, ಚಿಪ್ಸ್ ಪ್ಯಾಕೆಟ್ಟು. ಸಾಕು.

ಟಾರು ಮುಗಿದು ಸಣ್ಣ ಕಲ್ಲಿನ ಚರಳು ಶುರುವಾಗುವಲ್ಲಿ ಚಕ್ರದ ಸದ್ದೇ ಬೇರೆ. ಬೆಟ್ಟಿನಲ್ಲಿ ಕೆಂಪು ಚರಳು, ಗೇರುಮರ. ಇಳಿದರೆ ಮಜಲು, ಮಣ್ಣು ಕಂದು, ಚಕ್ರ ಮೆತ್ತಗೆ ಓಡುತ್ತದೆ. ಇನ್ನೂ ಇಳಿದರೆ ಬೈಲು. ಅಜ್ಜ ಹೇಳುತ್ತಿದ್ದರು: ಬೆಟ್ಟಿಗೆ ಒಂದು ಬೆಳೆ, ಮಜಲಿಗೆ ಎರಡು, ಬೈಲಿಗೆ ಮೂರು. ಮಳೆಗಾಲದ ಏಣೆಲು, ಆಮೇಲೆ ಸುಗ್ಗಿ, ಬೇಸಿಗೆಯ ಕೊಳಕೆ. ಉಡುಪಿಯೊಳಗೆ ಕುಂಜಿಬೆಟ್ಟಿನಲ್ಲೂ ಫ್ಲಾಟು, ಬೈಲೂರಿನಲ್ಲೂ ಫ್ಲಾಟು. ಎತ್ತರ ತಗ್ಗು ಹೆಸರಿನಲ್ಲಿ ಮಾತ್ರ ಉಳಿದಿದೆ. ಪೆಡಲಿಗೆ ಮಾತ್ರ ಇನ್ನೂ ಗೊತ್ತಾಗುತ್ತದೆ.

ಹೊಳೆಗೆ ಸೇರುವ ತೋಡಿಗೆ ಒಂದು ಕಿಂಡಿ ಅಣೆಕಟ್ಟು ಇದೆ. ಅದರ ಮೇಲೆ ಯಾವಾಗಲೂ ಇಳಿದು ತಳ್ಳಿಕೊಂಡೇ ಹೋಗುತ್ತೇನೆ, ಭಯಕ್ಕೆ ಅಂತಲೇ ಇಟ್ಟುಕೊಳ್ಳಿ. ಈ ಸಲ ಹಲಗೆ ಹಾಕಿ ಆಗಿದೆ. ಎರಡು ಸಾಲು ಹಲಗೆ, ನಡುವೆ ಒತ್ತಿ ತುಂಬಿದ ಮಣ್ಣು. ಒಂದು ಸಂದಿನಿಂದ ನೀರು ನೂಲಿನ ಹಾಗೆ ಇಳಿಯುತ್ತಿತ್ತು. ಯಾರೋ ಅದಕ್ಕೆ ಒಂದು ಹಿಡಿ ಬೈಹುಲ್ಲು ತುರುಕಿದ್ದಾರೆ. ಬಲಕ್ಕೆ ನಿಂತ ಸಿಹಿನೀರು, ಪಾಚಿ, ಒಂದು ಮಿಂಚುಳ್ಳಿ. ಎಡಕ್ಕೆ ಉಬ್ಬರದ ಜೊತೆ ಕಡಲಿನಿಂದ ಏರಿ ಬರುವ ಉಪ್ಪುನೀರು, ದಂಡೆಯಲ್ಲಿ ಮರುವಾಯಿ ಚಿಪ್ಪು. ಈ ಹಲಗೆ ಹಾಕುವುದು ತಡವಾದರೆ ಉಪ್ಪು ಗದ್ದೆಗೂ ಬರುತ್ತದೆ, ಬಾವಿಗೂ ಬರುತ್ತದೆ. ಬಜೆ ಅಣೆಕಟ್ಟಿನಲ್ಲಿ ಕಟ್ಟಿ ನಿಲ್ಲಿಸಿದ ನೀರು ನಲ್ಲಿಯಲ್ಲಿ ಬರುವ ನಮಗೆ ಇದೆಲ್ಲ ನೆನಪಾಗುವುದು ಏಪ್ರಿಲ್‌ನಲ್ಲಿ, ಎರಡು ದಿನಕ್ಕೊಮ್ಮೆ ನೀರು ಬಿಡುವಾಗ.

ಅದು ಹೋಗಲಿ. ಬರೆಯಬೇಕು ಅಂತ ಕೂತದ್ದು ಅಲ್ಲಿ ಗದ್ದೆಯಲ್ಲಿ ಸಿಕ್ಕಿದ ಒಬ್ಬ ಅಣ್ಣೇರ ಬಗ್ಗೆ (ತುಳುವಿನಲ್ಲಿ ಹಿರಿಯರನ್ನು ಹೀಗೆ ಕರೆಯುವುದು).

ಉದ್ದಿನ ಗದ್ದೆಯಲ್ಲಿ ಬೆರ್ಚಪ್ಪನಿಗೆ, ಅಂದರೆ ಬೆದರುಗೊಂಬೆಗೆ, ಅಂಗಿ ತೊಡಿಸುತ್ತಿದ್ದರು. ಎಪ್ಪತ್ತು ದಾಟಿರಬಹುದು. ಅಂಗಿ ಅಂದರೆ ಮಾಸಿದ ಕ್ರಿಕೆಟ್ ಜೆರ್ಸಿ, ಬೆನ್ನ ಮೇಲೆ 18 ನಂಬರು. ನನಗೆ ನಗು ಬಂತು, ಸೈಕಲ್ ನಿಲ್ಲಿಸಿದೆ. ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಇದಕ್ಕೆ ನವಿಲು ಹೆದರ್ತದಾ ಅಣ್ಣೇರೆ?"

"ಎಂತ ಹೆದರುವುದು! ಮೊನ್ನೆ ಇದರ ತಲೆ ಮೇಲೆಯೇ ಕೂತಿತ್ತು."

"ಮತ್ತೆ ಯಾಕೆ ಹಾಕುವುದು?"

"ಹಾಕದಿದ್ರೆ ನನಗೆ ನಿದ್ರೆ ಬರುವುದಿಲ್ಲ ಮಗಾ."

ಉದ್ದು ಹೂ ಬಿಟ್ಟಿದೆ. ಎಲೆ ಸರಿಸಿ ನೋಡಿದರೆ ಮಾತ್ರ ಕಾಣುವ ಸಣ್ಣ ಹಳದಿ ಹೂ. ಏಣೆಲು ಕೊಯ್ದ ಮೇಲೆ ನೆಲದಲ್ಲಿ ಉಳಿದ ಪಸೆಗೇ ಇದು ಬೆಳೆಯುತ್ತದೆ, ನೀರು ಬಿಡಬೇಕಾಗಿಲ್ಲ. ಏಣೆಲಿಗೆ ಅವರು ಹಾಕಿದ್ದು ಎಂಒ-4 ಭತ್ತ, ಇಲ್ಲಿ ಎಲ್ಲರೂ ಹಾಕುವ ಹಾಗೆ.

ಮಾತಾಡುತ್ತಲೇ ಹುಣಿ (ಗದ್ದೆಯ ಬದು) ಹತ್ತಿ ಬಂದು ನನ್ನ ಮುಂದಿನ ಟೈರನ್ನು ಹೆಬ್ಬೆರಳಿನಲ್ಲಿ ಒತ್ತಿದರು. ಮುಖ ನೋಡಿದರು.

"ಗಾಳಿ ಕಮ್ಮಿ ಉಂಟು."

ಬೇಕಂತಲೇ ಕಮ್ಮಿ ಇಟ್ಟದ್ದು ಎಂದೆ. ಗಾಳಿಯ ಒತ್ತಡ 35 ಪಿಎಸ್‌ಐ. ಗಟ್ಟಿ ಮಾಡಿದರೆ ಕಲ್ಲಿನ ಮೇಲೆ ಚಕ್ರ ಪುಟಿಯುತ್ತದೆ, ಹಿಡಿತ ತಪ್ಪುತ್ತದೆ. ಮೆತ್ತಗಿದ್ದರೆ ಟೈರೇ ಕಲ್ಲನ್ನು ನುಂಗಿಕೊಳ್ಳುತ್ತದೆ. ಚೀಲದಿಂದ ಗಾಳಿ ಅಳೆಯುವ ಮೀಟರು ತೆಗೆದು ತೋರಿಸಿಯೂ ಆಯಿತು. ಅವರು ಎಲ್ಲ ಕೇಳಿಸಿಕೊಂಡು, "ಹೌದಾ" ಎಂದು ಹೇಳಿ, ಇನ್ನೊಮ್ಮೆ ಒತ್ತಿದರು. ನಂಬಲಿಲ್ಲ.

ತೆಂಗಿನ ಮರಕ್ಕೆ ಒರಗಿಸಿದ ಅವರ ಸೈಕಲ್ ತಂದು ನನ್ನದರ ಪಕ್ಕ ನಿಲ್ಲಿಸಿದರು. ಕಪ್ಪು ಬಣ್ಣದ ಹಳೇ ಸೈಕಲ್, ಸರಳಿನ ಬ್ರೇಕು, ಕ್ಯಾರಿಯರಿನಲ್ಲಿ ಹುಲ್ಲಿನ ಕಟ್ಟು. ಟೈರಿನ ಬದಿಯಲ್ಲಿ ಉಬ್ಬಿದ ಅಂಕಿ: 28 × 1½. ಒಂದೂವರೆ ಇಂಚು ಅಂದರೆ 38 ಮಿಲಿಮೀಟರು. ನನ್ನದು 40. ಅವರು ಎರಡು ಬೆರಳಿಟ್ಟು ಅದನ್ನೂ ಇದನ್ನೂ ಅಳೆದರು. "ಒಂದೇ ಅಲ್ವಾ?" ಒಂದೇ. ಚರಳಿನ ದಾರಿಯ ಸೈಕಲ್ಲಿಗೆ ಗ್ರಾವೆಲ್ ಬೈಕ್ ಅಂತ ಹೊಸ ಹೆಸರಿಟ್ಟು, ಅಗಲ ಟೈರು ಅಂತ ಹೊಗಳಿ ನನಗೆ ಮಾರಿದ್ದು ಹೆಚ್ಚುಕಮ್ಮಿ ಇದೇ ಅಗಲ. ಅಜ್ಜನ ಸೈಕಲ್ಲೂ ಇದೇ ಇತ್ತು, ಅದನ್ನು ಗುಜರಿಗೆ ಹಾಕಿದ್ದು ನಾವೇ.

"ಎಷ್ಟಾಯ್ತು ಇದಕ್ಕೆ?"

ಅರ್ಧ ರೇಟು ಹೇಳಿದೆ. ಅರ್ಧಕ್ಕೇ ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಸೆಕೆಂಡ್ ಹ್ಯಾಂಡ್ ಟಿಲ್ಲರ್ ಬರ್ತಿತ್ತು" ಎಂದರು. ಬೈದದ್ದೂ ಅಲ್ಲ. ಸುಮ್ನೆ ಲೆಕ್ಕ.

ಹೊರಡುವಾಗ ಕಂಡಿತು. ದಾರಿಯ ಎರಡೂ ಬದಿ ಅಲ್ಲಲ್ಲಿ ಕಲ್ಲಿಗೆ ಬಿಳಿ ಪೇಂಟು.

"ಅದು ಕಾಂಕ್ರೀಟಿಗೆ. ಮಳೆಗಾಲದ ಮೊದಲು ಆಗ್ತದೆ ಅಂತಾರೆ. ಅಳತೆ ಮಾಡಿ ಹೋಗಿದ್ದಾರೆ."

ನನ್ನ ಮುಖ ಸಣ್ಣದಾಗಿರಬೇಕು. "ಯಾಕೆ, ನಿಮಗೆ ಒಳ್ಳೆದೇ ಅಲ್ವಾ? ಸೈಕಲ್ ನುಣ್ಣಗೆ ಹೋಗ್ತದೆ" ಎಂದರು.

ಏನು ಹೇಳುವುದು? ನುಣ್ಣಗಿಲ್ಲ ಅಂತಲೇ ಬರುವುದು ಅಂತ ಹೇಳುವುದಾ? ಈ ದಾರಿಯಲ್ಲಿ ವಾರವಿಡೀ ಹುಲ್ಲು ಹೊರುವವರ ಹತ್ತಿರ?

ಅವರು ಕೈ ತೋರಿಸಿದರು. ಅವರ ಉದ್ದಿನ ಗದ್ದೆಯ ಆಚೆ ಮೂರು ಗದ್ದೆ ಹಡಿಲು, ಬೇಸಾಯ ಬಿಟ್ಟದ್ದು. ಸೊಂಟದೆತ್ತರ ಹುಲ್ಲು, ನಡುವೆ ಎಲ್ಲಿಂದಲೋ ಬಂದು ಹುಟ್ಟಿದ ಗಿಡಗಳು. ನಾನು ಪ್ರತಿ ಸಲ ಅಲ್ಲಿ ನಿಂತು ಬೆಳ್ಳಕ್ಕಿಯ ಫೋಟೋ ತೆಗೆಯುತ್ತೇನೆ. ಚಂದ ಉಂಟು ಅಂದುಕೊಂಡಿದ್ದೆ.

"ಕೊಯ್ಯುವ ಮೆಷಿನ್ ಈ ದಾರಿಯಲ್ಲಿ ಬರುವುದಿಲ್ಲ. ಒಬ್ಬ ಧೈರ್ಯ ಮಾಡಿ ತಂದ, ಆ ತಿರುವಿನಲ್ಲಿ ಹುಗಿದುಹೋಯಿತು. ಎಳೆಯಲಿಕ್ಕೆ ಒಂದು ದಿನ. ಮತ್ತೆ ಅವ ಬರಲಿಲ್ಲ. ಕೈಯಲ್ಲಿ ಕೊಯ್ಯುವ ಅಂದ್ರೆ ಜನ ಎಲ್ಲಿದ್ದಾರೆ? ನಾನು, ನನ್ನ ಹೆಂಡತಿ. ಅವಳಿಗೆ ಬಗ್ಗಿದರೆ ಏಳಲಿಕ್ಕಾಗುವುದಿಲ್ಲ."

2021ರಲ್ಲಿ ಉಡುಪಿ ಸುತ್ತ ಹಡಿಲು ಗದ್ದೆಗಳಲ್ಲಿ ನಾಟಿ ಮಾಡುವ ಅಭಿಯಾನ ನಡೆದಿತ್ತಲ್ಲ, ನಾನೂ ಆಫೀಸಿನವರ ಜೊತೆ ಒಂದು ಕಡೆ ಹೋಗಿ ಎರಡು ಗಂಟೆ ನೇಜಿ ನೆಟ್ಟು ಬಂದಿದ್ದೆ. ಅದನ್ನು ಹೇಳೋಣ ಅನಿಸಿತು. ಹೇಳಲಿಲ್ಲ. ನೆಟ್ಟ ದಿನ ನೂರು ಮಂದಿ ಇದ್ದೆವು. ಕೊಯ್ಯುವ ದಿನ ನಾನು ಹೋಗಿರಲಿಲ್ಲ.

"ರೋಡ್ ಆದ್ರೆ ಮೆಷಿನ್ ಬರ್ತದೆ" ಎಂದರು. ಎಲೆಯಡಿಕೆ ಉಗುಳಿ ಬಂದು ಮತ್ತೆ ಅದೇ ಜಾಗದಲ್ಲಿ ನಿಂತರು. "ಮೆಷಿನ್ ಹಿಂದೆಯೇ ಸೈಟ್ ನೋಡ್ಲಿಕ್ಕೆ ಕಾರು ಸಹ ಬರ್ತದೆ. ಅದು ನನಗೆ ಗೊತ್ತಿಲ್ವಾ?"

ಗದ್ದೆ ಗದ್ದೆಯಾಗಿ ಉಳಿಯಲಿಕ್ಕೂ ರೋಡ್ ಬೇಕು, ಗದ್ದೆ ಹೋಗುವುದೂ ಅದೇ ರೋಡಿನಿಂದ. ಅವರು ಅದನ್ನು ಇಷ್ಟು ಸಲೀಸಾಗಿ ಹೇಳಿ ಬೆರ್ಚಪ್ಪನ ಕೈ ಕಟ್ಟಲು ಹೋದರು. ನಾನು ಇಡೀ ದಿನ ಅದನ್ನೇ ಜಗಿಯುತ್ತಿದ್ದೇನೆ.

ಸೈಕಲ್ಲಿನವರ ನಡುವೆ ಒಂದು ಕತೆ ಎಲ್ಲರಿಗೂ ಬಾಯಿಪಾಠ. ಇಟಲಿಯ ಟಸ್ಕನಿಯಲ್ಲಿ ದ್ರಾಕ್ಷಿ ತೋಟಗಳ ನಡುವಿನ ಬಿಳಿ ಚರಳಿನ ದಾರಿಗಳು ಟಾರಿನಡಿ ಹೋಗಬಾರದು ಎಂದು 1997ರಲ್ಲಿ 92 ಮಂದಿ ಹಳೇ ಸೈಕಲ್ ತಗೊಂಡು ಹೊರಟದ್ದು. ಆ ಸವಾರಿಯ ಹೆಸರು ಎರೋಯಿಕಾ. ನಮ್ಮ ಉಡುಪಿ ಬೇರೆ ಜಿಲ್ಲೆಯಾದ ವರ್ಷವೇ. 2007ರಿಂದ ಅದೇ ದಾರಿಗಳಲ್ಲಿ ದೊಡ್ಡ ರೇಸು ಕೂಡ ನಡೆಯುತ್ತಿದೆ, ದಾರಿಗಳು ಉಳಿದಿವೆ. ಎಷ್ಟು ಜನರಿಗೆ ನಾನು ಇದನ್ನು ಹೇಳಿಲ್ಲ! ಇವತ್ತು ಆ ಹುಣಿಯ ಮೇಲೆ ನಿಂತು ಹೇಳಲು ಬಾಯಿ ಬರಲಿಲ್ಲ. ಅಲ್ಲಿಯ ಸಿಯೆನಾದಲ್ಲಿ ವರ್ಷವಿಡೀ ಬೀಳುವುದಕ್ಕಿಂತ ಜಾಸ್ತಿ ಮಳೆ ನಮ್ಮಲ್ಲಿ ಜುಲೈ ಒಂದರಲ್ಲೇ ಬೀಳುತ್ತದೆ. ಅಲ್ಲಿ ಚರಳಿನ ಮೇಲೆ ಗಾಡಿ ಹೋದೀತು. ಇಲ್ಲಿ ಜೂನ್ ಬಂತೆಂದರೆ ಬೈಲಿನ ದಾರಿ ತೋಡೇ ಆಗುತ್ತದೆ. ಆಗ ನಾನೂ ಅತ್ತ ಹೋಗುವುದಿಲ್ಲ, ಸೈಕಲ್ ತೊಳೆಯುವುದು ಯಾರು ಅಂತ. ಅವರು ಅಲ್ಲೇ ಇರುತ್ತಾರೆ.

ಮನೆಗೆ ಬರುವಾಗ ಹತ್ತು. ನೀರುದೋಸೆ ಒಣಗಿ ಹಪ್ಪಳ. ಚಿಕ್ಕಮ್ಮ ಮಾತಾಡಲಿಲ್ಲ, ಮಧ್ಯಾಹ್ನದ ನಂತರ ಸರಿಯಾದರು.

ಸಂಜೆ ಹಳೇ ಟೂತ್‌ಬ್ರಷ್ ಹಿಡಿದು ಚೈನು ತಿಕ್ಕಿದೆ. ಬೆಟ್ಟಿನ ಕೆಂಪು, ಬೈಲಿನ ಬೂದಿ ಬಣ್ಣ, ಎರಡೂ ಪದರ ಪದರವಾಗಿ ಎಣ್ಣೆಯಲ್ಲಿ ಅಂಟಿತ್ತು. ನಮ್ಮ ಭಾನುವಾರದ ಗ್ಯಾಂಗಿನ ಗ್ರೂಪಿನಲ್ಲಿ ಒಬ್ಬರು ಇವತ್ತಿನ ರೂಟು ಕೇಳಿದ್ದಾರೆ. "ಕಾಂಕ್ರೀಟ್ ಆಗ್ಲಿಕ್ಕುಂಟು, ಬೇಗ ಒಮ್ಮೆ ಹೋಗಿ ಬನ್ನಿ" ಎಂದು ಟೈಪ್ ಮಾಡಿದೆ. ಅಳಿಸಿದೆ. ಸೈಟ್ ಬ್ರೋಕರ್ ಮಾತಿನ ಹಾಗೆ ಕೇಳಿಸಿತು.

ಉದ್ದು ಕೀಳುವಾಗ ಬನ್ನಿ ಎಂದಿದ್ದಾರೆ ಅವರು. ಫೆಬ್ರವರಿ ಕೊನೆಗೆ ಇರಬಹುದು, ನವಿಲು ಬಿಟ್ಟರೆ. ಒಂದು ಸೇರು ಕೊಡ್ತಾರಂತೆ, ದುಡ್ಡು ಬೇಡವಂತೆ. ಗಾಳಿ ಅಳೆಯುವ ಆ ಮೀಟರು ಮರೀದೆ ತರಬೇಕಂತೆ, ಅವರ ಸೈಕಲ್ಲಿನಲ್ಲಿ ಎಷ್ಟುಂಟು ಅಂತ ನೋಡಲು.